ಋಣವಲ್ಲದ ಆರೈಕೆ

ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಅತಿಸಾರದಿಂದ ನರಳುತ್ತಿದ್ದ ಭಿಕ್ಷುವೊಬ್ಬ ವಿಹಾರದಲ್ಲಿ ತನ್ನದೇ ಮಲಮೂತ್ರದ ನಡುವೆ ಬಿದ್ದಿರುತ್ತಾನೆ. ವಸತಿಗಳನ್ನು ನೋಡುತ್ತ ಬಂದ ಬುದ್ಧ ಅವನನ್ನು ಕಂಡು, ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳುತ್ತಾನೆ. ಇಲ್ಲವೆಂಬ ಉತ್ತರ ಬರುತ್ತದೆ. ಯಾಕಿಲ್ಲ ಎಂದರೆ, ನನ್ನಿಂದ ಉಳಿದವರಿಗೆ ಏನೂ ಉಪಯೋಗವಿಲ್ಲ, ಅದಕ್ಕೇ ಯಾರೂ ಬರುವುದಿಲ್ಲ ಎನ್ನುತ್ತಾನೆ ಆ ರೋಗಿ. ಬುದ್ಧ ನೀರು ತರಿಸುತ್ತಾನೆ, ತಾನೇ ಹೊಯ್ಯುತ್ತಾನೆ, ಜೊತೆಗಿದ್ದ ಶಿಷ್ಯ ಆನಂದ ಮೈ ತೊಳೆಯುತ್ತಾನೆ. ಒಬ್ಬ ತಲೆಯ ಕಡೆ, ಇನ್ನೊಬ್ಬ ಕಾಲಿನ ಕಡೆ ಹಿಡಿದು ಅವನನ್ನು ಮಂಚದ ಮೇಲೆ ಮಲಗಿಸುತ್ತಾರೆ. ಆಮೇಲೆ ಸಂಘವನ್ನು ಸೇರಿಸಿ ವಿಚಾರಿಸಿದಾಗ ಭಿಕ್ಷುಗಳೂ ಅದೇ ಕಾರಣ ಹೇಳುತ್ತಾರೆ: ಅವನಿಂದ ನಮಗೇನೂ ಆಗುತ್ತಿರಲಿಲ್ಲ. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಮಾತನ್ನು ಬುದ್ಧ ಹೇಳಿದ್ದು ಆಗ. ಆ ಮಾತು ಪ್ರಸಿದ್ಧವಾಗಿದೆ. ಅದರ ಜೊತೆಗೇ ಬರುವ ನಿಯಮದ ಕಡೆ ನಮ್ಮ ಗಮನ ಹರಿದದ್ದು ಕಡಿಮೆ. ರೋಗಿಯನ್ನು ಅವನ ಗುರು ನೋಡಿಕೊಳ್ಳಬೇಕು, ಗುರುವಿಲ್ಲದಿದ್ದರೆ ಶಿಷ್ಯ, ಅವನೂ ಇಲ್ಲದಿದ್ದರೆ ಜೊತೆಗಿರುವವರು. ಯಾರೂ ಇಲ್ಲದಿದ್ದರೆ ಇಡೀ ಸಂಘ ನೋಡಿಕೊಳ್ಳಬೇಕು, ನೋಡಿಕೊಳ್ಳದಿದ್ದರೆ ಅದು ಸಂಘದ ದೋಷ. ಆ ರೋಗಿ ಮುಂದೆ ಗುಣವಾಗಿ ಧರ್ಮೋಪದೇಶ ಮಾಡುತ್ತಾನೆ ಎಂದಾಗಲಿ, ಹಿಂದೆ ಬಹಳ ಉಪಕಾರ ಮಾಡಿದ್ದ ಎಂದಾಗಲಿ ಅಲ್ಲಿ ವಾದವಿಲ್ಲ. ಅವನು ಸಂಘದವನು. ಆರೈಕೆಗೆ ಅಷ್ಟೇ ಆಧಾರ.

ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೋ ಕತ್ತಿನ ಕೆಳಗೋ ಸ್ವಾಧೀನ ಕಳೆದುಕೊಂಡವರ ನಿತ್ಯದ ಬದುಕನ್ನು ಕುರಿತು ಯೋಚಿಸುವಾಗ ಈ ಹಳೆಯ ವಿಚಾರಣೆ ಮತ್ತೆ ಎದುರಾಗುತ್ತದೆ. ಇನ್ನೊಬ್ಬರ ಕೈಯಿಂದ ಆಗುವ ಆರೈಕೆಯನ್ನು ಬದುಕಿಡೀ ಪಡೆಯಬೇಕಾದ ಮನುಷ್ಯ ಯಾವ ಹಕ್ಕಿನಿಂದ ಅದನ್ನು ಪಡೆಯುತ್ತಾನೆ? ನಮ್ಮ ಧಾರ್ಮಿಕ ಮನಸ್ಸು ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತದೆ. ಪಡೆಯುವವನ ಕಡೆಯಿಂದ ಅದು ಋಣ; ಮಾಡುವವನ ಕಡೆಯಿಂದ ಅದು ಪುಣ್ಯ. ಎರಡೂ ಲೆಕ್ಕಪುಸ್ತಕದ ಮಾತುಗಳು, ಎರಡೂ ಈ ಬದುಕಿಗೆ ಹೊಂದುವುದಿಲ್ಲ. ಅಷ್ಟೇ ಅಲ್ಲ, ಎರಡೂ ಮೈಗೆ ಕೇಡು ಮಾಡುತ್ತವೆ ಎಂಬುದು ನನ್ನ ವಾದ.

ಮೈಗೆ ಕೇಡು ಎಂಬುದನ್ನು ಅಲಂಕಾರಕ್ಕೆ ಹೇಳಿದ್ದಲ್ಲ. ಬೆನ್ನುಹುರಿ ಕಡಿದ ಮೇಲೆ ಜೀವ ತೆಗೆಯುವುದು ಹೆಚ್ಚಾಗಿ ಮೊದಲ ಪೆಟ್ಟಲ್ಲ, ಅದರ ಹಿಂದೆ ಬರುವ ಹುಣ್ಣು, ಸೋಂಕು ಮತ್ತು ಮೂತ್ರಪಿಂಡದ ಹಾನಿ. ಮೊದಲ ಮಹಾಯುದ್ಧದಲ್ಲಿ ಹೀಗೆ ಗಾಯಗೊಂಡ ಸೈನಿಕರಲ್ಲಿ ಬಹುಪಾಲು ಮಂದಿ ಹೆಚ್ಚು ಕಾಲ ಬದುಕಲಿಲ್ಲ. ನಾಜಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ ಯಹೂದಿ ನರವೈದ್ಯ ಲುಡ್‌ವಿಗ್ ಗುಟ್‌ಮನ್, 1944ರಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಘಟಕ ಆರಂಭಿಸಿದಾಗ ಆತ ಮುಖ್ಯವಾಗಿ ನೆಚ್ಚಿದ್ದು ಹೊಸ ಔಷಧವನ್ನಾಗಲಿ ಹೊಸ ಶಸ್ತ್ರಚಿಕಿತ್ಸೆಯನ್ನಾಗಲಿ ಅಲ್ಲ. ಹಗಲು ರಾತ್ರಿ ಎನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುಚಿಯಾಗಿ ನೋಡಿಕೊಳ್ಳುವುದು, ಆದಷ್ಟು ಬೇಗ ಕೂರಿಸಿ ಕೆಲಸಕ್ಕೆ ಆಟಕ್ಕೆ ಹಚ್ಚುವುದು, ಇಷ್ಟೇ ಅವನ ಕ್ರಮ. 1948ರ ಜುಲೈ 29ರಂದು ಆ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಮಾಜಿ ಯೋಧರು ಗಾಲಿಕುರ್ಚಿಯಲ್ಲಿ ಕೂತು ಬಿಲ್ಲು ಹಿಡಿದದ್ದೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು. 1972ರಲ್ಲಿ ಅಮೆರಿಕದ ವೈದ್ಯ ಜಾಕ್ ಲ್ಯಾಪಿಡೆಸ್, ಮೂತ್ರ ತೆಗೆಯುವ ಕೊಳವೆಯನ್ನು ಆಸ್ಪತ್ರೆಯ ನಂಜುರಹಿತ ಕ್ರಮದಲ್ಲೇ ಬಳಸಬೇಕೆಂದಿಲ್ಲ, ಸೋಪು ನೀರಿನಿಂದ ಕೈ ತೊಳೆದು ಹೊತ್ತಿಗೆ ಸರಿಯಾಗಿ ಮೂತ್ರಕೋಶ ಬರಿದು ಮಾಡಿದರೆ ಸಾಕು ಎಂದು ತೋರಿಸಿದ. ಆ ಒಂದು ತಿಳಿವಳಿಕೆಯಿಂದ ಆರೈಕೆ ಆಸ್ಪತ್ರೆಯ ವಾರ್ಡಿನಿಂದ ಮನೆಯ ಕೋಣೆಗೆ ಬಂತು. ಇಂದಿಗೂ ನಿತ್ಯಕ್ರಮ ಇದೇ: ನಾಲ್ಕರಿಂದ ಆರು ಗಂಟೆಗೊಮ್ಮೆ ಮೂತ್ರ ತೆಗೆಯಬೇಕು, ಗೊತ್ತಾದ ಹೊತ್ತಿಗೆ ಮಲವಿಸರ್ಜನೆ ಮಾಡಿಸಬೇಕು, ಕುರ್ಚಿಯಲ್ಲಿ ಕೂತಾಗ ಆಗಾಗ ಪೃಷ್ಠದ ಭಾರ ಇಳಿಸಬೇಕು, ರಾತ್ರಿ ಮಗ್ಗುಲು ಬದಲಿಸಬೇಕು, ಸ್ಪರ್ಶ ತಿಳಿಯದ ಚರ್ಮವನ್ನು ದಿನಕ್ಕೊಮ್ಮೆ ಕನ್ನಡಿ ಹಿಡಿದು ನೋಡಬೇಕು. ಎದೆಯ ಆರನೇ ಕಶೇರುಕದ ಮಟ್ಟದಲ್ಲೋ ಅದಕ್ಕಿಂತ ಮೇಲೋ ಪೆಟ್ಟಾಗಿದ್ದರೆ ತುಂಬಿದ ಮೂತ್ರಕೋಶವೊಂದೇ ರಕ್ತದೊತ್ತಡವನ್ನು ಪ್ರಾಣಾಪಾಯದ ಮಟ್ಟಕ್ಕೆ ಏರಿಸಬಲ್ಲದು. ಬೆನ್ನುಹುರಿ ಗಾಯವಾದವರು ಅಕಾಲದಲ್ಲಿ ಸಾಯುವ ಸಂಭವ ಉಳಿದವರಿಗಿಂತ ಎರಡರಿಂದ ಐದು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರ ವರದಿಯಲ್ಲಿ ಹೇಳಿತು. ಆ ಅಂತರದಲ್ಲಿ ಬಹಳಷ್ಟನ್ನು ಆರೈಕೆಯಿಂದ ತುಂಬಬಹುದು.

ಋಣಭಾವ ಈ ಕ್ರಮದೊಳಗೆ ಹೊಕ್ಕರೆ ಏನಾಗುತ್ತದೆ ನೋಡಿ. ಹೆಂಡತಿಗೋ ಅಮ್ಮನಿಗೋ ಎಷ್ಟು ಸಲ ತೊಂದರೆ ಕೊಡುವುದು ಎಂದುಕೊಂಡವರು ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ನೀರು ಕಡಿಮೆಯಾದರೆ ಮೂತ್ರದ ಸೋಂಕು, ಕಲ್ಲು. ಸೋಂಕು ಮೇಲೇರಿದರೆ ಮೂತ್ರಪಿಂಡ. ನಿದ್ದೆಗೆಟ್ಟವರನ್ನು ನಡುರಾತ್ರಿ ಎಬ್ಬಿಸಲು ಮನಸ್ಸಾಗದೆ ಒಂದೇ ಮಗ್ಗುಲಲ್ಲಿ ಬೆಳಗು ಮಾಡುತ್ತಾರೆ. ಬೆಳಗಾಗುವಾಗ ಸೊಂಟದ ಮೂಳೆಯ ಮೇಲೆ ಕೆಂಪು ಕಲೆ, ನಾಲ್ಕು ದಿನಕ್ಕೆ ಹುಣ್ಣು, ನೋಡದೆ ಬಿಟ್ಟರೆ ಮೂಳೆಯ ತನಕ ಕುಳಿ. ಮಲ ಶುಚಿ ಮಾಡುವ ಕಷ್ಟ ತಪ್ಪಿಸಲು ಊಟವನ್ನೇ ಅರ್ಧ ಮಾಡುತ್ತಾರೆ; ಊಟ ಕಡಿಮೆಯಾದ ಮೈಯಲ್ಲಿ ಹುಣ್ಣು ಮಾಯುವುದಿಲ್ಲ. ‘ನಾನು ಮನೆಯವರಿಗೆ ಭಾರ’ ಎಂಬ ಮಾತನ್ನು ನಾವು ದುಃಖದ ಮಾತೆಂದು ಕೇಳಿ ಸುಮ್ಮನಾಗುತ್ತೇವೆ. ಅದು ರೋಗಕಾರಣವೂ ಹೌದು. ತೀರಿಸಲಾಗದ ಸಾಲವೆಂದು ಆರೈಕೆಯನ್ನು ಎಣಿಸಿದವರು ಸಾಲ ಬೆಳೆಯದಿರಲೆಂದು ತಮ್ಮ ಮೈಯನ್ನೇ ಒತ್ತೆಯಿಡುತ್ತಾರೆ.

ಪುಣ್ಯದ ಕಡೆ ನೋಡೋಣ. ದಾನ ಕೊಟ್ಟ ಕ್ಷಣಕ್ಕೆ ದಾನಿಯ ಲೆಕ್ಕ ಮುಗಿಯುತ್ತದೆ, ಪುಣ್ಯ ಜಮೆಯಾಗುತ್ತದೆ. ಪಡೆದವರ ಕಥೆ ಅಲ್ಲಿಂದ ಶುರು. ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿದ ಒಂದೇ ಅಳತೆಯ ಗಾಲಿಕುರ್ಚಿಗಳನ್ನು ಹಂಚುವ ಸಮಾರಂಭಗಳು ನಮ್ಮಲ್ಲಿ ಎಷ್ಟು ನಡೆಯುವುದಿಲ್ಲ! ಅಳತೆಗೆ ಹೊಂದದ, ಸರಿಯಾದ ಮೆತ್ತೆಯಿಲ್ಲದ ಕುರ್ಚಿ ಬಳಸುವವರಿಗೆ ಹುಣ್ಣು ತರಬಲ್ಲದು, ಬೆನ್ನು ಸೊಟ್ಟಗಾಗಿಸಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ 2008ರ ಮಾರ್ಗಸೂಚಿಯಲ್ಲೇ ಎಚ್ಚರಿಸಿದೆ. ಪುಣ್ಯದ ದೃಷ್ಟಿಗೆ ಕುರ್ಚಿ ಕೊಟ್ಟಾಯಿತು; ಆರೈಕೆಯ ದೃಷ್ಟಿಗೆ, ಅದರಲ್ಲಿ ಕೂತವರ ಚರ್ಮ ಆರು ತಿಂಗಳ ಮೇಲೆ ಹೇಗಿದೆ ಎಂಬುದು ಪ್ರಶ್ನೆ. ದಾನಿಗಳ ಮನಸ್ಸು ಕೆಟ್ಟದೆಂದು ನಾನು ಹೇಳುತ್ತಿಲ್ಲ. ಇನ್ನೊಬ್ಬರ ಸಂಕಟ ನನ್ನ ಸದ್ಗತಿಗೆ ಮೆಟ್ಟಿಲಾದಾಗ ನನ್ನ ಕಣ್ಣು ಮೆಟ್ಟಿಲಿನ ಮೇಲೆ ನಿಲ್ಲುವುದಿಲ್ಲ, ಮುಂದಕ್ಕೆ ಹೋಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಇಲ್ಲಿ ಮೊದಲ ಆಕ್ಷೇಪ ಕರ್ಮಸಿದ್ಧಾಂತದ್ದು. ಯಾರಿಗೆ ಏನು ಬಂದಿದೆಯೋ ಅದು ಅವರವರ ಪೂರ್ವಾರ್ಜಿತ, ಅನುಭವಿಸಿಯೇ ತೀರಬೇಕು, ಸಮುದಾಯಕ್ಕೆ ಇದರಲ್ಲಿ ಹೊಣೆ ಎಲ್ಲಿಂದ ಬಂತು ಎಂಬುದು. ಮಲೆನಾಡು ಕರಾವಳಿಗಳಲ್ಲಿ ಮರದಿಂದ ಬಿದ್ದ ಕೊನೆಗಾರನ ಮನೆಗೆ ಬಂದವರು ಸಮಾಧಾನಕ್ಕೆಂದು ಆಡುವ ಮಾತೂ ಇದೇ. ಆದರೆ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಡಿಕೆ ಮರಕ್ಕೆ ಮದ್ದು ಹೊಡೆಯಲು ಹತ್ತುವವರು ಬೀಳುತ್ತಾರೆ. ನೆಲದ ಮೇಲೆ ನಿಂತು ಫೈಬರ್ ದೋಟಿಯಿಂದ ಮದ್ದು ಹೊಡೆಯುವವರು ಮರದಿಂದ ಬೀಳುವ ಪ್ರಶ್ನೆಯೇ ಇಲ್ಲ. ದೋಟಿ ಕೊಂಡ ತೋಟದಲ್ಲಿ ಪೂರ್ವಕರ್ಮ ಬದಲಾಯಿತೇ? ಕಟ್ಟಡದ ಸಾರುವೆಗೆ ಬಲೆ ಕಟ್ಟಿದರೆ, ಬೈಕಿನ ವೇಗಕ್ಕೆ ತಡೆ ಹಾಕಿದರೆ ಬೆನ್ನುಮೂಳೆಗಳು ಉಳಿಯುತ್ತವೆ. ಪರಂಪರೆಯೊಳಗೇ ಈ ವಿವೇಕವಿದೆ. ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೇ ಎಂದು ಮೋಳಿಯ ಸೀವಕ ಎಂಬ ಪರಿವ್ರಾಜಕ ಕೇಳಿದಾಗ ಬುದ್ಧ ಅದನ್ನು ಒಪ್ಪದೆ, ವಾತ ಪಿತ್ತ ಕಫಗಳಿಂದ, ಋತುಬದಲಾವಣೆಯಿಂದ, ಅಜಾಗರೂಕತೆಯಿಂದ, ಹೊರಗಿನ ಪೆಟ್ಟಿನಿಂದ ಬರುವ ನೋವುಗಳನ್ನು ಬೇರೆ ಬೇರೆಯಾಗಿ ಎಣಿಸಿದ್ದಾನೆ. ಕರ್ಮಫಲ ಆ ಪಟ್ಟಿಯಲ್ಲಿ ಒಂದು ಮಾತ್ರ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಆಯುಸ್ಸು ಮೊದಲೇ ನಿಗದಿಯಾದದ್ದೇ ಎಂಬ ಚರ್ಚೆ ಬಂದಾಗ, ಗಾಡಿಯ ಅಚ್ಚು ಸವೆದು ಮುರಿಯುವುದೂ ಉಂಟು, ಮಿತಿಮೀರಿ ಭಾರ ಹೇರಿದ್ದರಿಂದ ನಡುವೆಯೇ ಮುರಿಯುವುದೂ ಉಂಟು ಎಂಬ ನಿದರ್ಶನ ಕೊಟ್ಟು, ಎಲ್ಲವೂ ನಿಯತವಾಗಿದ್ದರೆ ವೈದ್ಯಕ್ಕೇ ಅರ್ಥವಿರುತ್ತಿರಲಿಲ್ಲ ಎಂಬ ನಿಲುವನ್ನು ಆ ಗ್ರಂಥ ತಾಳುತ್ತದೆ. ಕರ್ಮವನ್ನು ಪೂರ್ತಿ ನಂಬುವವರಿಗೂ ಒಂದು ಮಾತು ಉಳಿಯುತ್ತದೆ: ಬಿದ್ದದ್ದು ಅವರ ಕರ್ಮವಾದರೆ, ಬಿದ್ದವರನ್ನು ಕಂಡು ನಾವು ಏನು ಮಾಡುತ್ತೇವೆ ಎಂಬುದು ನಮ್ಮ ಕರ್ಮ. ಆ ಸಿದ್ಧಾಂತ ನಮ್ಮನ್ನು ಹೊಣೆಯಿಂದ ಬಿಡಿಸುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಎತ್ತರದಿಂದ ಬರುತ್ತದೆ. ನೀನು ದೇಹವಲ್ಲ, ಆತ್ಮ. ದೇಹದ ಈ ಲೆಕ್ಕಾಚಾರದಲ್ಲಿ ಮುಳುಗುವುದೇ ಬಂಧನ ಎಂಬ ಉಪದೇಶ. ಬೆನ್ನುಹುರಿ ಗಾಯವಾದವರಿಗೆ ಇದನ್ನು ಹೇಳಲು ಹೊರಡುವವರು ಸ್ವಲ್ಪ ತಡೆಯಬೇಕು. ದೇಹವನ್ನು ರಥವೆಂದ ಕಠೋಪನಿಷತ್ತಿನಲ್ಲಿ ರಥವನ್ನು ಕಡೆಗಣಿಸು ಎಂಬ ಮಾತಿಲ್ಲ. ಅಲ್ಲಿ ಸಾರಥಿ ಎಚ್ಚರವಾಗಿರಬೇಕು ಎಂಬುದಕ್ಕೇ ಒತ್ತು. ದೇಹ ತನ್ನಷ್ಟಕ್ಕೆ ನಡೆದುಕೊಂಡು ಹೋಗುತ್ತಿರುವವರಿಗೆ ‘ನಾನು ದೇಹವಲ್ಲ’ ಎನ್ನುವುದು ಸುಲಭ, ಏಕೆಂದರೆ ಮಗ್ಗುಲು ಬದಲಿಸುವ, ಹಸಿವು ಹೇಳುವ, ಹೊರೆ ಇಳಿಸುವ ಕೆಲಸವನ್ನು ನರಗಳು ಕೇಳದೆಯೇ ಮಾಡಿಕೊಡುತ್ತಿವೆ. ಆ ನರಗಳು ಸುಮ್ಮನಾದವರು ತಮ್ಮ ಮೈಯನ್ನು ಗಡಿಯಾರ, ಕನ್ನಡಿ ಮತ್ತು ಗಮನದಿಂದ ಕಾಯಬೇಕು. ಸ್ಪರ್ಶವಿಲ್ಲದ ಕಾಲು ನನ್ನದು ಹೌದು, ನನಗೆ ತಿಳಿಯುವುದಿಲ್ಲ ಎಂಬ ಸ್ಥಿತಿಯಲ್ಲಿ ಅದನ್ನು ದಿನವೂ ನೋಡಿಕೊಳ್ಳುವುದು ಸಾಕ್ಷಿಭಾವದ ಒಂದು ಕಠಿಣ ರೂಪ. ಇದನ್ನೇ ಹಿಡಿದು ಅಂಗವೈಕಲ್ಯವನ್ನು ಆಧ್ಯಾತ್ಮಿಕ ವರವೆಂದು ಹೊಗಳುವುದು ಬೇಡ. ಅದು ಇನ್ನೊಂದು ಕ್ರೌರ್ಯ. ಆರೈಕೆಯ ಜ್ಞಾನ ಇರುವುದು ಆರೈಕೆ ಪಡೆಯುವವರಲ್ಲಿ ಎಂಬುದು ಮಾತ್ರ ಇಲ್ಲಿ ಮುಖ್ಯ. ಯಾವ ಹೊತ್ತಿಗೆ, ಯಾವ ಕಡೆಗೆ, ಎಷ್ಟು ಎಂದು ಹೇಳಬೇಕಾದವರು ಅವರು. ಕೈ ಬೇರೆಯವರದಾದರೂ ಕೆಲಸದ ಯಜಮಾನಿಕೆ ಅವರದು. ಮಹಾವಗ್ಗದ ಆ ಪ್ರಸಂಗದ ಮುಂದೆಯೇ, ಶುಶ್ರೂಷೆಗೆ ಅನುಕೂಲವಾಗುವ ರೋಗಿಯ ಐದು ಗುಣಗಳನ್ನೂ ಒಳ್ಳೆಯ ಶುಶ್ರೂಷಕನ ಐದು ಗುಣಗಳನ್ನೂ ಹೇಳಿದೆ: ತನ್ನ ಸ್ಥಿತಿಯನ್ನು ಇದ್ದಂತೆ ತಿಳಿಸುವುದು ರೋಗಿಯ ಪಾಲು, ಮಲಮೂತ್ರ ವಾಂತಿಗಳನ್ನು ತೆಗೆಯಲು ಹೇಸದಿರುವುದು ಶುಶ್ರೂಷಕನ ಪಾಲು. ಮಡಿಮೈಲಿಗೆಯ ಸಂಸ್ಕಾರದಲ್ಲಿ ಬೆಳೆದ ನಮಗೆ ಈ ಎರಡನೆಯ ಗುಣವನ್ನು ಧರ್ಮಗ್ರಂಥವೊಂದು ಬಿಡಿಸಿ ಹೇಳಿದ್ದೇ ದೊಡ್ಡದು.

ಮೂರನೆಯ ಆಕ್ಷೇಪ ಕನ್ನಡದ ಮಣ್ಣಿನದೇ, ಅದಕ್ಕೇ ನನ್ನನ್ನು ಹೆಚ್ಚು ಕಾಡಿದ್ದು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಗೆ ಸಮನಾಗಿ ಇಟ್ಟರು. ದುಡಿಯದೆ ಉಣ್ಣುವುದನ್ನು ಒಪ್ಪಲಿಲ್ಲ. ಹಾಗಾದರೆ ದುಡಿಯಲಾಗದ ಮೈಯವರು ಏನಾಗಬೇಕು? ಈ ಪ್ರಶ್ನೆಗೆ ಸುಲಭದ ಉತ್ತರವೊಂದು ಸಿದ್ಧವಾಗಿದೆ: ಅವರೂ ದುಡಿಯಬಲ್ಲರು, ಸಾಧಿಸಬಲ್ಲರು. ನಿಜವೇ. 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ವೆಲ್ಲೂರಿನ ವೈದ್ಯೆ ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡಿದರು, ಅಲ್ಲಿ ಪುನರ್ವಸತಿ ವಿಭಾಗ ಕಟ್ಟಿದರು. 1965ರಲ್ಲಿ ಎವರೆಸ್ಟ್ ಏರಿ ಅದೇ ವರ್ಷದ ಯುದ್ಧದಲ್ಲಿ ಬೆನ್ನುಹುರಿಗೆ ಗುಂಡೇಟು ತಿಂದ ಎಚ್.ಪಿ.ಎಸ್. ಅಹ್ಲುವಾಲಿಯಾ ದೆಹಲಿಯಲ್ಲಿ ಬೆನ್ನುಹುರಿ ಆಸ್ಪತ್ರೆ ಸ್ಥಾಪಿಸಿದರು. ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡ ಎಸ್. ರಾಮಕೃಷ್ಣನ್ 1981ರಲ್ಲಿ ತಮಿಳುನಾಡಿನ ಆಯ್ಕುಡಿಯಲ್ಲಿ ಅಮರ್ ಸೇವಾ ಸಂಗಮ್ ಆರಂಭಿಸಿದರು. ಇವರ ಬದುಕು ನನಗೆ ಪೂಜ್ಯ. ಆದರೆ ಇವರನ್ನೇ ವಾದದ ಆಧಾರ ಮಾಡಿಕೊಂಡರೆ ಬುದ್ಧ ತಳ್ಳಿಹಾಕಿದ ತರ್ಕ ಹಿಂಬಾಗಿಲಿನಿಂದ ಒಳಗೆ ಬರುತ್ತದೆ: ಆರೈಕೆ ಮಾಡಿದ್ದು ಸಾರ್ಥಕವಾಯಿತು, ಅವರಿಂದ ಉಪಯೋಗವಾಯಿತು. ಏನನ್ನೂ ಸ್ಥಾಪಿಸದೆ, ಪ್ರಶಸ್ತಿ ಪಡೆಯದೆ, ಮನೆಯ ಜಗಲಿಯಲ್ಲಿ ಕೂತು ಮೊಮ್ಮಗುವಿನೊಡನೆ ಮಾತಾಡುವವರಿಗೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಶರಣರ ಚಿಂತನೆಯಲ್ಲೂ ಕಾಯಕ ಒಂಟಿಯಾಗಿ ನಿಂತಿಲ್ಲ, ಅದರ ಜೊತೆಗೆ ದಾಸೋಹವಿದೆ. ದುಡಿದದ್ದು ದುಡಿದವನದೇ ಎಂಬ ಅಹಂಕಾರವನ್ನೂ, ಕೊಟ್ಟೆನೆಂಬ ಭಾವವನ್ನೂ ಕಳಚುವುದಕ್ಕೆ ದಾಸೋಹ. ಸಿದ್ಧಗಂಗೆಯಲ್ಲಿ, ಧರ್ಮಸ್ಥಳದಲ್ಲಿ ಊಟದ ಪಂಕ್ತಿಗೆ ಕೂತವರನ್ನು ನೀನೇನು ದುಡಿದೆ ಎಂದು ಯಾರೂ ಕೇಳುವುದಿಲ್ಲ. ಅನ್ನದ ವಿಷಯದಲ್ಲಿ ನಮಗೆ ಗೊತ್ತಿರುವ ಈ ಧರ್ಮ ಕೈಯಾಸರೆಯ ವಿಷಯದಲ್ಲಿ ಯಾಕೆ ಮರೆತುಹೋಗಬೇಕು?

ಇಂಥ ಬದುಕು ಬದುಕಲು ಯೋಗ್ಯವೇ ಎಂಬ ಸಂದೇಹ ಮೇಲಿನ ಆಕ್ಷೇಪಗಳೆಲ್ಲದರ ಅಡಿಯಲ್ಲೂ ಸದ್ದಿಲ್ಲದೆ ಇರುತ್ತದೆ. ಇದಕ್ಕೆ 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಕೊಟ್ಟಿದೆ. ತುರ್ತು ಚಿಕಿತ್ಸಾ ವಿಭಾಗದ ಸಿಬ್ಬಂದಿಯನ್ನು, ನಿಮಗೇ ತೀವ್ರ ಬೆನ್ನುಹುರಿ ಗಾಯವಾದರೆ ಬದುಕಿರುವುದಕ್ಕೆ ಸಂತೋಷಪಡುತ್ತೀರಾ ಎಂದು ಕೇಳಿದಾಗ ಹೌದು ಎಂದವರು ಶೇಕಡಾ 18. ನಿಜಕ್ಕೂ ಹಾಗೆ ಗಾಯಗೊಂಡು ಬದುಕುತ್ತಿದ್ದವರಲ್ಲಿ ಹೌದು ಎಂದವರು ಶೇಕಡಾ 92. ಅಲ್ಲಿನ ಸೌಕರ್ಯ ಬೇರೆ, ಇಲ್ಲಿನದು ಬೇರೆ ಎನ್ನಬಹುದು. ಅದು ಸೌಕರ್ಯ ಒದಗಿಸಲು ಕಾರಣವಾದೀತೇ ಹೊರತು ಬದುಕಿನ ಬೆಲೆ ಕಡಿಮೆ ಎನ್ನಲು ಕಾರಣವಾಗದು. ಹೊರಗೆ ನಿಂತು ನೋಡುವವರ ಕಲ್ಪನೆ, ಅವರು ವೈದ್ಯಕೀಯ ಬಲ್ಲವರೇ ಆಗಿದ್ದರೂ, ಒಳಗಿನ ಬದುಕಿಗೆ ಸಾಕ್ಷ್ಯವಲ್ಲ.

ಆರೈಕೆಯನ್ನು ಹೀಗೆ ಸಮುದಾಯದ ಕರ್ತವ್ಯವೆಂದರೆ ಪ್ರೀತಿಗೆ ಜಾಗವೆಲ್ಲಿ, ಮನೆಯವರ ಅಕ್ಕರೆಗೆ ಸಮವಾದದ್ದು ಉಂಟೇ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಮನೆಯವರು ಎಂದರೆ ಯಾರು? ಬಹುಪಾಲು ಮನೆಗಳಲ್ಲಿ ಒಬ್ಬ ಹೆಂಗಸು. ಗಂಡನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತಿ ಎತ್ತಿ ಅವಳ ಸೊಂಟ ಬಿದ್ದಿರುತ್ತದೆ. ಹಗಲು ಕೂಲಿ, ರಾತ್ರಿ ತುಂಡು ನಿದ್ದೆ. ಅಪಘಾತವಾದದ್ದು ಮಗನಿಗಾದರೆ ಎತ್ತುವ ತಾಯಿಗೆ ವರ್ಷವರ್ಷಕ್ಕೂ ವಯಸ್ಸಾಗುತ್ತದೆ, ಮಗನ ಮೈಭಾರ ಇಳಿಯುವುದಿಲ್ಲ. ಹೆಂಡತಿಯನ್ನು ಸತಿ ಸಾವಿತ್ರಿ, ತಾಯಿಯನ್ನು ತ್ಯಾಗಮಯಿ ಎಂದು ಹೊಗಳಿದರೆ ಅವರಿಗೆ ಒಂದು ರಾತ್ರಿಯ ನಿದ್ದೆಯೂ ಸಿಗುವುದಿಲ್ಲ. ಹೊಗಳಿಕೆ ಇಲ್ಲಿ ಊರಿನವರು ತಮ್ಮ ಪಾಲನ್ನು ತಪ್ಪಿಸಿಕೊಳ್ಳುವ ದಾರಿ. ನಿದ್ದೆ, ದುಡಿಮೆಯ ಬಿಡುವು, ಎತ್ತಲು ಇನ್ನೊಂದು ಜೋಡಿ ಕೈ ಸಿಕ್ಕಾಗ ಪ್ರೀತಿ ಕಡಿಮೆಯಾಗುವುದಿಲ್ಲ. ಅದಕ್ಕೆ ಉಸಿರಾಡಲು ಜಾಗ ಸಿಗುತ್ತದೆ.

ಇನ್ನು ಕೆಲವರು ಈ ಕೆಲಸಕ್ಕೆ ಆಶ್ರಮಗಳಿವೆ, ಅಲ್ಲಿಗೆ ಸೇರಿಸಿದರಾಯಿತು ಎನ್ನುತ್ತಾರೆ. ತರಬೇತಿಯ ಕೇಂದ್ರಗಳು ಬೇಕು. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಸ್ಥಾಪಿಸಿದ ಅಂಗವಿಕಲರ ಸಂಸ್ಥೆ ಎಪಿಡಿ, ಬೆಳ್ತಂಗಡಿ ತಾಲೂಕಿನ ಸೌತಡ್ಕದ ಸೇವಾಧಾಮ ಇವು ಬೆನ್ನುಹುರಿ ಗಾಯವಾದವರಿಗೆ ತಮ್ಮ ಮೈ ತಾವೇ ನೋಡಿಕೊಳ್ಳುವುದನ್ನು ಕಲಿಸಿ ಮನೆಗೆ ಕಳಿಸಲು ದುಡಿಯುತ್ತಿವೆ. ಮನೆಗೆ ಕಳಿಸಲು ಎಂಬುದೇ ಮುಖ್ಯ. ಆ ಭಿಕ್ಷುವನ್ನು ಬುದ್ಧ ಬೇರೆಲ್ಲಿಗೋ ಸಾಗಿಸಲಿಲ್ಲ, ಅದೇ ವಿಹಾರದಲ್ಲಿ ಅವನ ಮಂಚ ಇತ್ತು. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ, ಅದರ ಬೆನ್ನಿಗೆ ಬಂದ 2016ರ ನಮ್ಮ ಕಾಯ್ದೆಯ 5ನೇ ಕಲಮು ಇದನ್ನೇ ಹಕ್ಕಿನ ಭಾಷೆಯಲ್ಲಿ ಹೇಳುತ್ತವೆ: ಸಮುದಾಯದ ನಡುವೆ ಬಾಳುವುದು ಹಕ್ಕು, ಇಂಥಲ್ಲೇ ಇರಬೇಕೆಂದು ಯಾರನ್ನೂ ಕಟ್ಟಿಹಾಕುವಂತಿಲ್ಲ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಯೋಜನೆಯ ಪ್ರಸ್ತಾಪವೂ ಆ ಕಾಯ್ದೆಯಲ್ಲಿದೆ.

ಬಡ ಊರುಗಳಿಗೆ ಇದು ಸಾಧ್ಯವೇ ಎಂಬುದು ಕೊನೆಯ ಆಕ್ಷೇಪ. ಪಕ್ಕದ ಕೇರಳ ಸಾಧ್ಯವೆಂದು ತೋರಿಸಿದೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ಉಪಶಾಮಕ ಆರೈಕೆಯ ಕೆಲಸ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯವರ ಜಾಲವಾಗಿ ಬೆಳೆಯಿತು. ಊರಿನ ಸ್ವಯಂಸೇವಕರು ತರಬೇತಿ ಪಡೆದು, ಸಣ್ಣ ಸಣ್ಣ ದೇಣಿಗೆ ಕೂಡಿಸಿ, ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. 2008ರಲ್ಲಿ ರಾಜ್ಯ ಸರ್ಕಾರ ಅದನ್ನು ನೀತಿಯಾಗಿ ಸ್ವೀಕರಿಸಿ ಸ್ಥಳೀಯ ಸಂಸ್ಥೆಗಳ ಮೂಲಕ ನರ್ಸುಗಳನ್ನು ಮನೆಮನೆಗೆ ಕಳಿಸಿತು. ನಮ್ಮಲ್ಲಿ ಬೇಕಾದ ಎಳೆಗಳು ಆಗಲೇ ಇವೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಅಂಗವಿಕಲರೇ. ಪಂಚಾಯಿತಿಯ ಅನುದಾನದಲ್ಲಿ ಶೇಕಡಾ 5ರಷ್ಟು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮವಿದೆ. ಬಚ್ಚಲಿನ ಬಾಗಿಲು ಅಗಲಿಸಲು, ಜಗಲಿಗೆ ಇಳಿಜಾರು ಕಟ್ಟಲು, ಒಳ್ಳೆಯ ಮೆತ್ತೆ ಕೊಳ್ಳಲು, ವಾರಕ್ಕೆ ಎರಡು ರಾತ್ರಿ ಬಂದು ಮಗ್ಗುಲು ಬದಲಿಸುವವರಿಗೆ ಗೌರವಧನ ಕೊಡಲು ಬೇಕಾಗುವುದು ದೊಡ್ಡ ಮೊತ್ತವಲ್ಲ. ದಾಸೋಹದ ಹಿರಿಯ ಪರಂಪರೆಯಿರುವ ಮಠಗಳೂ ದೇವಸ್ಥಾನಗಳೂ ತಮ್ಮ ಸುತ್ತಿನ ಹತ್ತು ಹಳ್ಳಿಯ ಯುವಕರಿಗೆ ಈ ಕೆಲಸದ ತರಬೇತಿ ಕೊಡಿಸಬಹುದು. ನಿಮ್ಮ ಊರಿನಲ್ಲಿ ಬೆನ್ನುಹುರಿ ಗಾಯವಾಗಿ ಮನೆಯಲ್ಲಿರುವವರು ಇದ್ದರೆ, ಅವರಿಗೆ ಏನು ಬೇಕೆಂದು ಮೊದಲು ಅವರನ್ನೇ ಕೇಳಿ. ಅವರ ಒಪ್ಪಿಗೆ ಪಡೆದು ಬರುವ ಗ್ರಾಮಸಭೆಯಲ್ಲಿ ಆ ಬೇಡಿಕೆಯನ್ನು ಮಂಡಿಸಿ, ಶೇಕಡಾ 5ರ ಹಣ ಯಾವುದಕ್ಕೆ ಖರ್ಚಾಗಿದೆ ಎಂದು ಎದ್ದುನಿಂತು ಕೇಳಿ.